ಮೊಲಕ್ಕೆಂದು ಹಾಕಿದ ಸಂಡಿಗೆ

ಈಚೆಗೆ ನಾನು ಹಣ್ಣಿನ ಅಂಗಡಿಗೆ ಹೋದರೆ ಹಣ್ಣು ನೋಡುವುದಿಲ್ಲ, ಹಣ್ಣು ಕೂತಿರುವ ತಟ್ಟೆ ನೋಡುತ್ತೇನೆ. ಸೇಬಿನ ಪೆಟ್ಟಿಗೆಯೊಳಗೆ ಒಂದೊಂದು ಹಣ್ಣಿಗೂ ಒಂದೊಂದು ಗುಳಿ ಮಾಡಿದ ಒರಟು ಕಾಗದದ ತಟ್ಟೆ ಬರುತ್ತದಲ್ಲ, ಅದು. ಮೊನ್ನೆ ಗಾಂಧಿ ಬಜಾರಿನಲ್ಲಿ ಒಂದು ಅಂಗಡಿಯ ಮುಂದೆ ನಿಂತು ಆ ತಟ್ಟೆಯ ಮೂಲೆಯನ್ನು ಹಿಸುಕಿ, ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದೆ. ಅಂಗಡಿಯವನು, "ಅಮ್ಮಾ, ಸೇಬು ಈ ಕಡೆ ಇದೆ," ಎಂದ.

"ಸೇಬು ಬೇಡಪ್ಪ. ಈ ತಟ್ಟೆ ಖಾಲಿಯಾದ್ಮೇಲೆ ಎಸೀತೀರಾ?"

ಅವನು ನನ್ನ ಚಪ್ಪಲಿಯಿಂದ ಹಿಡಿದು ಕನ್ನಡಕದವರೆಗೆ ಒಂದು ಸಲ ನೋಡಿದ. ಪಾಪ, ನೋಡಿದರೆ ಒಳ್ಳೆಯ ಮನೆಯವರ ಹಾಗಿದ್ದಾರೆ ಎಂದುಕೊಂಡಿರಬೇಕು. ಒಂದು ಕಟ್ಟು ತಟ್ಟೆ ಎತ್ತಿ ಕೊಟ್ಟು, "ಇದ್ರಲ್ಲಿ ಏನ್ ಮಾಡ್ತೀರಮ್ಮ?" ಎಂದ. "ಸಂಡಿಗೆ," ಎಂದು ಹೇಳಿ ಬಂದುಬಿಟ್ಟೆ. ಸುಳ್ಳೇನೂ ಹೇಳಲಿಲ್ಲ. ಪೂರ್ತಿ ನಿಜ ಹೇಳಬೇಕಾದರೆ ಮೂಲಂಗಿಯಿಂದ ಶುರುಮಾಡಬೇಕಿತ್ತು. ಅಷ್ಟು ಹೊತ್ತು ಅವನ ವ್ಯಾಪಾರ ಕೆಡಿಸುವುದು ಬೇಡವೆನಿಸಿತು. ನಿಮಗಾದರೆ ಪುರುಸೊತ್ತಿದೆ.

ಮೂಲಂಗಿ ನಮ್ಮ ಮನೆಯ ಮೊಲ. ನಮ್ಮದು ಚಾಮರಾಜಪೇಟೆ. ಯಜಮಾನರಿಗೆ ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ. ಅದು ಅವರ ಅಪ್ಪನ ಕಾಲದ್ದು. ಅಪ್ಪನಿಗಿಂತ ಹೆಚ್ಚಾಗಿ ಅವರ ಅಮ್ಮನದ್ದು ಎನ್ನಬೇಕು. ನನ್ನ ಅತ್ತೆ ವಯಸ್ಸಿನಲ್ಲಿದ್ದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಡಿಯಲ್ಲಿ ಹರಾಜು ಕೂಗಿದವರು. ಆ ಗಂಟಲು ಕೊನೆಯವರೆಗೂ ಇಳಿಯಲಿಲ್ಲ. ಅಡುಗೆಮನೆಯಲ್ಲಿರುವ ನನಗೆ ಉಪ್ಪು ಕೇಳಿದರೆ ಬೀದಿಯ ಕೊನೆಯ ಮನೆಯವರು ಉಪ್ಪಿನ ಡಬ್ಬಿ ಹುಡುಕಬೇಕು, ಹಾಗೆ. ನಾನೋ ಮಾತು ಕಡಿಮೆಯವಳು. ಅವರು ಎಷ್ಟು ಜಾಸ್ತಿಯೋ ನಾನು ಅಷ್ಟು ಕಡಿಮೆ. ಎರಡೂ ಕೂಡಿಸಿ ಭಾಗಿಸಿದರೆ ಎಲ್ಲರ ಮನೆಯಲ್ಲಿರುವಷ್ಟೇ ಮಾತುಕತೆ ನಮ್ಮಲ್ಲೂ ಇತ್ತು.

ಒಂದು ದಿನ ಅತ್ತೆ ಮಂಡಿಯಿಂದ ಹೂಕೋಸಿನ ಬುಟ್ಟಿ ಹಿಡಿದು ಆಟೋದಿಂದಿಳಿದರು. ಬುಟ್ಟಿಯೊಳಗೆ ಹೂಕೋಸು ಅಲ್ಲಾಡಿತು. ಯಾರೋ ಸಾರಿಗೆಂದು ತಂದಿದ್ದ ಬಿಳಿ ಮರಿ. ಇವರ ಕಣ್ಣಿಗೆ ಬಿದ್ದು ಬದುಕಿತು.

"ಇದೇನತ್ತೆ, ಸಾರಿಗಾ?" ಎಂದೆ.

"ನೋಡೇ ಜಯಾ, ಬೆಳ್ಳಗಿದೆ, ತುದೀಲಿ ಎರಡು ಎಲೆ ನಿಂತಿದೆ. ಮೂಲಂಗಿ ಅಂತ ಹೆಸರಿಟ್ಬಿಟ್ಟಿದೀನಿ ಆಟೋದಲ್ಲೇ. ಹೆಸರಿಟ್ಟಿದ್ದನ್ನ ಸಾರು ಮಾಡಕ್ಕಾಗತ್ತಾ?"

ಅಲ್ಲಿಗೆ ಮುಗಿಯಿತು. ಮೂಲಂಗಿ ಅತ್ತೆಯ ಕೋಣೆ ಸೇರಿತು. ಮಂಚದ ಕೆಳಗೆ ಒಂದು ಅಗಲ ಪ್ಲಾಸ್ಟಿಕ್ ಟಬ್ಬು ಇಟ್ಟು, ಒಂದಕ್ಕೆ ಎರಡಕ್ಕೆ ಅದರೊಳಗೇ ಹೋಗುವುದನ್ನು ಅದಕ್ಕೆ ಕಲಿಸಿದರು. ಮೊಲಕ್ಕೆ ಅದನ್ನೆಲ್ಲ ಕಲಿಸಬಹುದು ಎಂದು ನನಗೆ ಗೊತ್ತಿರಲಿಲ್ಲ. ಆ ಟಬ್ಬಿಗೆ ಅತ್ತೆ "ಮೂಲಂಗಿ ಆಫೀಸು" ಎನ್ನುತ್ತಿದ್ದರು. "ನಿನ್ನ ಗಂಡನ ಹಾಗಲ್ಲ, ಟೈಮಿಗೆ ಸರಿಯಾಗಿ ಹೋಗಿ ಕೂರತ್ತೆ," ಎಂದು ಮಗ ಹತ್ತಿರವಿದ್ದಾಗಲೇ ಹೇಳುವರು. ಆಫೀಸಿನ ಕಸ ತೆಗೆಯುವುದು, ತೊಳೆಯುವುದು, ಹೊಸದಾಗಿ ಏನೋ ತುಂಬುವುದು ಎಲ್ಲವನ್ನೂ ನಾನು ಏಳುವುದರೊಳಗೆ ಮುಗಿಸಿರುತ್ತಿದ್ದರು. ಏನು ಹಾಕುತ್ತೀರಿ ಎಂದು ಒಂದು ಸಲ ಕೇಳಿದ್ದೆ. "ನಿಂಗ್ಯಾಕೆ ಅದೆಲ್ಲ? ನಾನಿದೀನಲ್ಲ," ಎಂದರು. ಇದ್ದರಲ್ಲ, ನಾನೂ ಮತ್ತೆ ಕೇಳಲಿಲ್ಲ.

ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡ ಹಾಗಿದೆ ಎಂದರು. ಆಟೋ ಹತ್ತಿಸಿದೆವು. ಆಟೋದಲ್ಲೂ ಚಾಲಕನಿಗೆ ದಾರಿ ಹೇಳುತ್ತಿದ್ದರು. ವಾಪಸು ಬಂದದ್ದು ಬೇರೆ ಗಾಡಿಯಲ್ಲಿ.

ಸಾವಾದ ಮನೆಯನ್ನು ತೊಳೆಯುವುದು ನಿಮಗೆ ಗೊತ್ತಲ್ಲ. ನೆಂಟರು ಬಂದವರು ಬಂದ ಹಾಗೆ ಸೀರೆ ಎತ್ತಿಕಟ್ಟಿ ಬಕೆಟ್ಟು ಹಿಡಿದರು. ಅತ್ತೆಯ ಚಾಪೆ, ದಿಂಬು, ಹೊದಿಕೆ ಎಲ್ಲ ಹೊರಗೆ ಹೋಯಿತು. ಅದರ ಜೊತೆ ಮಂಚದ ಕೆಳಗಿನ ಟಬ್ಬೂ, ಅದರೊಳಗೆ ಇದ್ದದ್ದೂ ಹೋಯಿತು. ಮೊಲ ಮಾತ್ರ ಮಂಚದ ಕಾಲಿನ ಹಿಂದೆ ಅವುಚಿ ಕೂತು ಉಳಿದುಕೊಂಡಿತು.

ಬಂದವರೆಲ್ಲ ಯಜಮಾನರ ಕೈ ಹಿಡಿದು ಅತ್ತರು. ನನ್ನ ನಾದಿನಿ ಶಶಿಯನ್ನು ತಬ್ಬಿಕೊಂಡು ಅತ್ತರು. ಶಶಿಯದು ವೈಯಾಲಿಕಾವಲ್, ಒಬ್ಬಳೇ ಮಗಳು. ನನ್ನ ಹತ್ತಿರ ಬಂದವರು ಕಾಫಿಗೆ ಸಕ್ಕರೆ ಎಷ್ಟು ಎಂದು ಹೇಳಿದರು. ಒಬ್ಬರಂತೂ ಬಾಗಿಲ ಹತ್ತಿರ ಕರೆದು, "ಇನ್ಮೇಲೆ ನಿಂದೇ ಯಜಮಾನಿಕೆ ಬಿಡು, ಆರಾಮ," ಎಂದು ಭುಜ ತಟ್ಟಿದರು. ಸೊಸೆಗೆ ಏನು ಹೇಳಬೇಕೆಂಬುದಕ್ಕೆ ಪಾಪ ಅವರಿಗೂ ಮಾತು ಕಲಿಸಿದವರಿಲ್ಲ. ಮನೆ ಅಷ್ಟು ನಿಶ್ಶಬ್ದವಾಗಿತ್ತು. ಉಪ್ಪು ಕೇಳುವವರೇ ಇಲ್ಲ. ಮಧ್ಯಾಹ್ನದ ಹೊತ್ತಿನಲ್ಲಿ ಅತ್ತೆಯ ಕೋಣೆಯಿಂದ ಮೂಲಂಗಿ ಹಿಂಗಾಲನ್ನು ನೆಲಕ್ಕೆ ಧಪ್ಪೆಂದು ಬಡಿಯುವ ಶಬ್ದ ಬಂದಾಗಲೆಲ್ಲ ನಾನು ಅಡುಗೆಮನೆಯಿಂದ "ಬಂದೇ" ಎನ್ನುತ್ತಿದ್ದೆ.

ಈಗ ಬೂದಿಯ ವಿಷಯ. ತಿಥಿಯ ಹಿಂದಿನ ಸಂಜೆ ಊರಿನಿಂದ ಅತ್ತೆಯ ಅಕ್ಕ ಬಂದರು. ಶಶಿಗೆ ದೊಡ್ಡಮ್ಮ. ಅವರ ಕಡೆ ಒಂದು ಪದ್ಧತಿ. ಹೋದವರು ಮಲಗುತ್ತಿದ್ದ ಜಾಗದಲ್ಲಿ ಬೂದಿ ಹರಡಿ, ದೀಪ ಇಟ್ಟು, ಬಾಗಿಲು ಮುಂದೆ ಮಾಡುವುದು. ಬೆಳಿಗ್ಗೆ ಬೂದಿಯ ಮೇಲೆ ಯಾವ ಹೆಜ್ಜೆ ಮೂಡಿರುತ್ತದೋ ಆ ರೂಪದಲ್ಲಿ ಹುಟ್ಟಿ ಬರುತ್ತಾರಂತೆ. ಗ್ಯಾಸ್ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ತರುವುದು? ಯಜಮಾನರು ಇಸ್ತ್ರಿ ಅಂಗಡಿಗೆ ಹೋಗಿ ಪೆಟ್ಟಿಗೆಯ ಬೂದಿ ತಂದರು. ದೊಡ್ಡಮ್ಮ ಅದನ್ನು ಜರಡಿ ಹಿಡಿದು, ಮಂಚ ಸರಿಸಿ, ಅಚ್ಚುಕಟ್ಟಾಗಿ ಹರಡಿದರು. ಮೊಲ ಎಲ್ಲಿದೆ ಎಂದು ಯಾರೂ ಯೋಚಿಸಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ ಬೂದಿಯ ತುಂಬ ಹೆಜ್ಜೆಗಳು. ಮುಂದೆ ಎರಡು ಪುಟ್ಟದು, ಹಿಂದೆ ಎರಡು ಉದ್ದದ್ದು. ನಟ್ಟನಡುವೆ ಕರಿಮೆಣಸಿನ ಕಾಳಿನ ಹಾಗೆ ಒಂದು ಸಣ್ಣ ರಾಶಿ. ಆಫೀಸು ಕಳೆದುಕೊಂಡು ದಿನಗಟ್ಟಲೆ ಪರದಾಡುತ್ತಿದ್ದ ಪ್ರಾಣಿಗೆ ಯಾರೋ ಜರಡಿ ಹಿಡಿದು ಹೊಸ ಆಫೀಸು ಮಾಡಿಕೊಟ್ಟ ಹಾಗಾಗಿತ್ತು.

"ಮೊಲ ಆಗಿ ಬಂದವ್ಳೆ ಕಣ್ರವ್ವಾ!" ಎಂದು ದೊಡ್ಡಮ್ಮ ಕೈಮುಗಿದರು.

"ದೊಡ್ಡಮ್ಮ, ಮೊಲ ಮೊದ್ಲಿಂದ್ಲೂ ಇಲ್ಲೇ ಇದೆ," ಎಂದಳು ಶಶಿ.

"ಇರ್ಲಿ ಬುಡು. ಈ ಬೀದೀಲಿ ಬೆಕ್ಕಿಲ್ವಾ? ಇಲಿ ಇಲ್ವಾ? ಅವ್ಯಾಕೆ ಬರ್ಲಿಲ್ಲ?"

"ಮತ್ತೆ ಆ ಕಾಳು?"

ದೊಡ್ಡಮ್ಮ ಬಗ್ಗಿ ನೋಡಿ, ಸ್ವಲ್ಪ ಯೋಚಿಸಿ, "ಅದು ಮೊಲದ್ದು. ಹೆಜ್ಜೆ ಅವಳ್ದು," ಎಂದು ತೀರ್ಪು ಕೊಟ್ಟರು.

ನಗಬೇಕೋ ಅಳಬೇಕೋ ತಿಳಿಯದೆ ನಾವೆಲ್ಲ ಗೋಡೆ ನೋಡಿದೆವು. ಆದರೆ ದೊಡ್ಡಮ್ಮ ಊಟಕ್ಕೆ ಕೂತಾಗ ಇನ್ನೊಂದು ಮಾತು ಸೇರಿಸಿದರು. "ಮಗಳು ಕರ್ಕೊಂಡೋಗ್ಲಿ. ತಾಯಿ ಮಗಳ ಹತ್ರ ಇರ್ಲಿ." ಹೆಜ್ಜೆಯನ್ನು ನಂಬದ ಶಶಿ ಈ ಮಾತನ್ನು ಮಾತ್ರ ಹಿಡಿದುಕೊಂಡಳು. "ಹೌದಣ್ಣ, ಅಮ್ಮನ ಮೊಲ. ನಾನೇ ಸಾಕ್ತೀನಿ. ಅತ್ತಿಗೆಗೆ ಮೊದ್ಲಿಂದ್ಲೂ ಅದನ್ನ ಕಂಡ್ರೆ ಅಷ್ಟಕ್ಕಷ್ಟೇ."

ಅದು ಸುಳ್ಳೆಂದು ಹೇಳಲು ನನಗೆ ಬಾಯಿರಲಿಲ್ಲ. ಸೋಫಾದ ಅಂಚು ಕಡಿದಾಗಲೆಲ್ಲ ಮೂಲಂಗಿಯನ್ನು ಬೈದವಳು ನಾನೇ. ಆದರೂ ಪಲ್ಯದ ಪಾತ್ರೆ ಹಿಡಿದು ನಿಂತಿದ್ದವಳು, "ಇಲ್ಲೇ ಇರ್ಲಿ ಶಶಿ," ಎಂದುಬಿಟ್ಟೆ. ನಾನು ಮಾತಾಡಿದ್ದು ಕೇಳಿ ಎಲ್ಲರೂ ತಲೆಯೆತ್ತಿದರು.

"ಅಮ್ಮನ ತಿಂಗಳ ದಿನ ಬರ್ತೀನಿ," ಎಂದಳು ಶಶಿ. "ಚೆನ್ನಾಗಿದ್ರೆ ಸರಿ. ಇಲ್ಲಾಂದ್ರೆ ಕರ್ಕೊಂಡು ಹೋಗ್ತೀನಿ. ಏನೂ ಅಂದ್ಕೋಬೇಡಿ."

ಹೀಗೆ ಮೂಲಂಗಿಯ ಆಫೀಸಿನ ಜವಾಬ್ದಾರಿ ನನ್ನ ತಲೆಗೆ ಬಿತ್ತು. ಟಬ್ಬು ಹೊಸದು ತಂದೆ. ಒಳಗೆ ಏನು ಹಾಕುವುದು? ನನಗೆ ಒಂದು ಗಳಿಗೆಯೂ ಅನುಮಾನ ಬರಲಿಲ್ಲ. ಮರದ ಹೊಟ್ಟು!

ಹೊಟ್ಟಿನ ವಿಷಯದಲ್ಲಿ ನಾನು ಸ್ವಲ್ಪ ಹೆಮ್ಮೆಯವಳು. ಮಲ್ಲೇಶ್ವರದ ನಮ್ಮ ತವರಿನಲ್ಲಿ ನೀರು ಕಾಯಿಸಲು ಹೊಟ್ಟಿನ ಒಲೆ ಇತ್ತು. ನೋಡದವರಿಗೆ ಹೇಳುತ್ತೇನೆ. ತಗಡಿನ ಡಬ್ಬದ ನಡುವೆ ಒಂದು ಸೀಸೆ ನಿಲ್ಲಿಸಿ, ಸುತ್ತ ಹೊಟ್ಟು ಸುರಿದು, ಒನಕೆಯಂಥ ಕೋಲಿನಿಂದ ಗಟ್ಟಿಯಾಗಿ ಗಿಡಿಯಬೇಕು. ಆಮೇಲೆ ಸೀಸೆಯನ್ನು ತಿರುಗಿಸುತ್ತ ತಿರುಗಿಸುತ್ತ ಮೇಲಕ್ಕೆ ಎಳೆಯಬೇಕು. ನಡುವೆ ಗುಂಡಗೆ ತೂತು ನಿಂತರೆ ಒಲೆ ಒಂದೇ ಸಮ ಉರಿಯುತ್ತದೆ. ಕುಸಿದರೆ ಮನೆಮಂದಿಗೆಲ್ಲ ತಣ್ಣೀರು. ನಮ್ಮಕ್ಕ ಎಳೆದರೆ ಕುಸಿಯುತ್ತಿತ್ತು, ಅಣ್ಣ ಎಳೆದರೆ ಕುಸಿಯುತ್ತಿತ್ತು. ನಾನು ಎಳೆದರೆ ನಿಲ್ಲುತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ನನ್ನ ಕೈಬಿಟ್ಟರೂ ಹೊಟ್ಟು ಯಾವತ್ತೂ ಕೈಬಿಟ್ಟಿರಲಿಲ್ಲ. ಹಬ್ಬದ ಹಿಂದಿನ ದಿನ ಅಪ್ಪ, "ಜಯಾನ ಕರೀರಿ, ನಾಳೆ ಎಣ್ಣೆನೀರು," ಎನ್ನುತ್ತಿದ್ದರು. ಆ ಹೊಟ್ಟಿನ ಬೆಚ್ಚಗಿನ ವಾಸನೆ, ಉಗುರಿನ ಸಂದಿಯಲ್ಲಿ ಸಿಕ್ಕುವ ಪುಡಿ, ಅದೆಲ್ಲ ಸುಖದ ಪಟ್ಟಿಯಲ್ಲೇ ನನಗೆ ಉಳಿದಿದೆ.

ಯಜಮಾನರು ಮೈಸೂರು ರಸ್ತೆ ಕಡೆಯ ಟಿಂಬರ್ ಯಾರ್ಡಿನಿಂದ ಒಂದು ಚೀಲ ಹೊಟ್ಟು ತಂದರು. ನಾನು ಅದನ್ನು ಹಾಗೇ ಹಾಕಲಿಲ್ಲ. ಮೊಲದ ಪಾದ ಮೆತ್ತಗಿರುತ್ತದಲ್ಲ, ಚುಚ್ಚಬಾರದೆಂದು ಮೈದಾ ಜರಡಿಯಲ್ಲಿ ಹಿಡಿದು, ರವೆಯನ್ನೆಲ್ಲ ತೆಗೆದು, ನುಣ್ಣನೆಯ ಪುಡಿ ಮಾಡಿ ಹಾಸಿದೆ. ಮೂಲಂಗಿ ಹೋಗಿ ಕೂತಿತು. ಕೆದರಿತು. ಸೀನಿತು.

ಮೊಲ ಸೀನುವುದನ್ನು ನೀವು ಕೇಳಿದ್ದೀರೋ ಇಲ್ಲವೋ. ಬೊಂಬೆ ಸೀನಿದ ಹಾಗಿರುತ್ತದೆ. ಮೊದಲ ದಿನ ಮುದ್ದಾಗಿ ಕಂಡಿತು. ಮರುದಿನ ಎಡೆಬಿಡದೆ ಸೀನಿತು, ಮೂಗು ಒದ್ದೆಯಾಯಿತು. ನೆಗಡಿ ಎಂದುಕೊಂಡೆ. ಎಳೆ ಮಕ್ಕಳಿಗೆ ನೆಗಡಿಯಾದರೆ ನಮ್ಮಲ್ಲಿ ಏನು ಮಾಡುತ್ತಾರೆ? ಸಾಂಬ್ರಾಣಿ ಹಾಕುತ್ತಾರೆ. ಕೆಂಡವಿಟ್ಟು ಕೋಣೆಯ ತುಂಬ ಸಾಂಬ್ರಾಣಿ ಹೊಗೆ ಹಾಕಿದೆ. ಮೂಲಂಗಿ ಹಿಂಗಾಲು ಬಡಿದು ನನ್ನ ವಂಶವನ್ನೆಲ್ಲ ಬೈದು ಬೀರುವಿನ ಹಿಂದೆ ಸೇರಿತು. ಆ ಹೊತ್ತಿಗೇ ಶಶಿಯ ಫೋನು. "ಹೇಗಿದೆ ಅತ್ತಿಗೆ?" "ಚೆನ್ನಾಗಿದೆ." "ಅದೇನು ಶಬ್ದ? ಸೀನ್ತಿದೆಯಾ?" "ಇಲ್ಲ ಇಲ್ಲ, ಸಾಂಬ್ರಾಣಿ, ನಾನು," ಎಂದು ನಾನೇ ಒಂದು ಸೀನಿ ತೋರಿಸಿದೆ.

ಬುಟ್ಟಿಯಲ್ಲಿ ಹಾಕಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದೆ. ಸುತ್ತ ಎಲ್ಲ ನಾಯಿಗಳು. ಅವುಗಳ ನಡುವೆ ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿ ಕೂತ ನನ್ನನ್ನು ನೋಡಿ, ಡಾಕ್ಟರಮ್ಮ ಮೊದಲು ಕರೆದರು. ಇನ್ನೂ ಚಿಕ್ಕ ವಯಸ್ಸು, ಮಾತು ಚುರುಕು.

"ಕೆಳಗೆ ಏನು ಹಾಸ್ತೀರಮ್ಮ?"

"ಹೊಟ್ಟು, ಡಾಕ್ಟ್ರೇ. ಜರಡಿ ಹಿಡಿದೇ ಹಾಕಿದೀನಿ," ಎಂದೆ, ಶಭಾಷ್ ಎನ್ನುತ್ತಾರೆಂದು.

ಅವರು ಪೆನ್ನು ಕೆಳಗಿಟ್ಟರು. "ಜರಡಿ ಹಿಡಿದ್ರಾ? ನುಣ್ಣಗಿದ್ದಷ್ಟೂ ಮೂಗಿಗೆ, ಶ್ವಾಸಕೋಶಕ್ಕೆ ಹೋಗತ್ತಮ್ಮ. ಜೊತೆಗೆ ಅದು ಯಾವ ಮರದ್ದೋ ಏನೋ. ಪೈನು, ದೇವದಾರು, ಹೀಗೆ ವಾಸನೆ ಇರೋ ಮರದ್ದಾದ್ರೆ ಇನ್ನೂ ಕೆಟ್ಟದ್ದು. ವಾಸನೆಗೆ ಅಂತ ಬೇರೆ ಏನಾದ್ರೂ ಹಾಕಿದ್ರಾ?"

ಸಾಂಬ್ರಾಣಿಯ ವಿಷಯ ನೆಲ ನೋಡಿಕೊಂಡು ಹೇಳಿದೆ. ಅವರು ನಕ್ಕುಬಿಟ್ಟರು. "ಅಯ್ಯೋ ದೇವ್ರೇ. ಬೂದಿ ಗೀದಿ ಹಾಕಿಲ್ಲ ತಾನೇ?"

ಅವರೇ ಮೂಲಂಗಿಯ ಅಂಗಾಲು ತಿರುಗಿಸಿ ನೋಡಿ, "ಹಾಕಿದೀರ," ಎಂದರು. ಆಮೇಲೆ ಎದೆಗೆ ಯಂತ್ರ ಇಟ್ಟು ಕೇಳಿ, ಈಗಿನ್ನೂ ಶ್ವಾಸಕೋಶಕ್ಕೆ ಇಳಿದಿಲ್ಲ, ಮೊದಲು ಪುಡಿ ತೆಗೆಯಿರಿ, ಆದರೂ ಸೀನು ನಿಲ್ಲದಿದ್ದರೆ ತಡಮಾಡದೆ ಕರೆದುಕೊಂಡು ಬನ್ನಿ, ಮೊಲಗಳು ಬಹಳ ಬೇಗ ಸೋಲುತ್ತವೆ ಎಂದರು. ಕೊನೆಯ ಮಾತಿಗೆ ಬುಟ್ಟಿಯನ್ನು ಎದೆಗವಚಿಕೊಂಡೆ. ಶಶಿ ಕರೆದುಕೊಂಡು ಹೋಗುವುದು ಒಂದು. ಇದು ಪೂರ್ತಿಯೇ ಹೋಗಿಬಿಡುವುದು ಇನ್ನೊಂದು. ಒಂದೇ ಮನೆಯಿಂದ ಇಷ್ಟು ಬೇಗ ಮತ್ತೊಂದು ಜೀವ, ಅದೂ ನನ್ನ ಕೈಯಲ್ಲಿ!

ನನ್ನ ಮುಖ ನೋಡಿ ಯಜಮಾನರು ತಾವೇ ಅಂಗಡಿಗೆ ಹೋಗಿ ಚೆಂದದ ಚೀಲವೊಂದನ್ನು ತಂದರು. ಬೆಕ್ಕುಗಳ ಕಕ್ಕಸಿಗೆ ಹಾಕುವ ಮರಳಂತೆ ಅದು. ಮೇಲೆ ಬೆಕ್ಕಿನ ಚಿತ್ರ, ಒಳಗೆ ಮದುವೆಮನೆಯ ಸೆಂಟಿನ ವಾಸನೆ. ಒಮ್ಮೆ ಕೈ ಸುಟ್ಟುಕೊಂಡವಳು ನೋಡಿ, ಒಂದು ಲೋಟಕ್ಕೆ ಸ್ವಲ್ಪ ಹಾಕಿ ನೀರು ಬಿಟ್ಟು ಪರೀಕ್ಷೆ ಮಾಡಿದೆ. ನೋಡನೋಡುತ್ತ ಉಬ್ಬಿ, ಗಂಟುಕಟ್ಟಿ, ಚಮಚ ನೆಟ್ಟರೆ ನಿಲ್ಲುವ ಹಾಗಾಯಿತು. ಡಾಕ್ಟರಮ್ಮನಿಗೆ ಫೋನು ಮಾಡಿದೆ. "ಬೇಡವೇ ಬೇಡ. ಮೊಲ ಎಲ್ಲಾನೂ ಬಾಯಲ್ಲಿ ಕಡಿದು ನೋಡತ್ತೆ. ಹೊಟ್ಟೇಲಿ ಅದು ಗಟ್ಟಿಯಾದ್ರೆ ಕತೆ ಮುಗೀತು," ಎಂದರು. ನಮ್ಮದು ಮುದ್ದೆ ನುಂಗಿ ಬೆಳೆದ ವಂಶ. ಆದರೂ ಆ ಲೋಟದ ಮುದ್ದೆ ನಮ್ಮಲ್ಲೂ ಯಾರೂ ನುಂಗುವಂಥದ್ದಲ್ಲ. ಚೀಲ ಅಟ್ಟ ಸೇರಿತು.

"ಕಾಗದ ಹಾಕಿ," ಎಂದಿದ್ದರು ಡಾಕ್ಟರಮ್ಮ. "ಬಣ್ಣ, ಹೊಳಪು, ವಾಸನೆ ಇಲ್ಲದ್ದು. ನೀರು ಹೀರಬೇಕು. ಅದರ ಮೇಲೆ ದಪ್ಪಗೆ ಒಣಹುಲ್ಲು. ತಿನ್ನೋದು, ಹೋಗೋದು ಎರಡೂ ಅದಕ್ಕೆ ಒಂದೇ ಕೆಲಸ."

ಯಜಮಾನರು ಹಳೆಯ ದಿನಪತ್ರಿಕೆಯ ಕಟ್ಟು ತಂದಿಟ್ಟರು. ಬಣ್ಣದ ಹಾಳೆ ತೆಗೆದು ಕಪ್ಪು ಅಕ್ಷರದ ಹಾಳೆ ಹಾಸಲು ಬಗ್ಗಿದೆ. ಕೈ ಬರಲಿಲ್ಲ. ಕಾಲಿಗೆ ಕಾಗದ ತಾಗಿದರೆ ಕಣ್ಣಿಗೊತ್ತಿಕೊಂಡು ಬೆಳೆದವಳು ನಾನು. ಅಕ್ಷರದ ಮೇಲೆ ನಾವು ಕಾಲಿಡಬಾರದು ಎಂದಮೇಲೆ ಮೊಲ ಅದರ ಮೇಲೆ ಆ ಕೆಲಸ ಮಾಡಬಹುದೇ? ಓದು ನನಗೆ ಹೆಚ್ಚು ಹತ್ತಲಿಲ್ಲ. ಹತ್ತದವರಿಗೇ ಸರಸ್ವತಿಯ ಭಯ ಜಾಸ್ತಿ. "ಅದಕ್ಕೆ ಓದಕ್ಕೆ ಬರಲ್ಲ ಕಣೇ," ಎಂದರು ಯಜಮಾನರು. "ನಂಗೆ ಬರತ್ತಲ್ಲ," ಎಂದೆ.

ಅಕ್ಷರವಿಲ್ಲದ, ಬಣ್ಣವಿಲ್ಲದ, ವಾಸನೆಯಿಲ್ಲದ, ನೀರು ಹೀರುವ ಕಾಗದ. ಹೆಣ್ಣು ನೋಡುವವರು ಕೂಡ ಇಷ್ಟು ಷರತ್ತು ಹಾಕುವುದಿಲ್ಲ ಎಂದು ಗೊಣಗುತ್ತ ಮಂಡಿಗೆ ಹೋದವರು, ಸಂಜೆ ಪಕ್ಕದ ಹಣ್ಣಿನ ಮಂಡಿಯಿಂದ ಸೇಬಿನ ತಟ್ಟೆಗಳನ್ನು ತಂದು ಮುಂದಿಟ್ಟರು. ಬೂದುಬಣ್ಣದ್ದನ್ನು ಆರಿಸಿಕೊಂಡು, ನೇರಳೆ ಬಣ್ಣದ್ದನ್ನು ಪಕ್ಕಕ್ಕಿಟ್ಟೆ. ಹರಿದು ತುಂಡು ಮಾಡಿ ಹಾಕಿದರೆ ಮೂಲಂಗಿ ಒಂದೊಂದನ್ನೇ ಹಲ್ಲಲ್ಲಿ ಕಚ್ಚಿ ಹೊರಗೆಸೆಯಿತು. ಹಗುರವಾದದ್ದು ಅದಕ್ಕೆ ಆಟ. ಸ್ವಲ್ಪ ತೂಕ ಬರಬೇಕು, ಗುಂಡಗಿರಬೇಕು, ಪುಡಿಯಾಗಬಾರದು. ತಟ್ಟೆಗಳನ್ನು ನೀರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಕೈಹಾಕಿದರೆ ಹದವಾಗಿ ಬೆಂದ ಹಿಟ್ಟಿನ ಹಾಗಿತ್ತು. ಹಿಂಡಿ, ನಾದಿದೆ. ಆಮೇಲೆ ಯೋಚಿಸಿದ್ದು ನಾನಲ್ಲ, ನನ್ನ ಕೈ. ಅದು ತಾನಾಗಿ ಚಿಟಿಕೆ ಚಿಟಿಕೆ ಮುರಿದು ಇಡತೊಡಗಿತು. ಪ್ರತಿ ಬೇಸಿಗೆಯಲ್ಲೂ ಅತ್ತೆ ನಾನು ಎದುರು ಬದುರು ಕೂತು ಅರಳು ಸಂಡಿಗೆ ಇಡುತ್ತಿದ್ದೆವಲ್ಲ, ಹಾಗೆ.

ಮಹಡಿಯ ಮೇಲೆ ಬಿಸಿಲಿತ್ತು. ಸಂಡಿಗೆಗೆಂದೇ ಎತ್ತಿಟ್ಟಿದ್ದ ಅತ್ತೆಯ ಹಳೆಯ ನೂಲಿನ ಸೀರೆ ಹಾಸಿದೆ, ನಾಲ್ಕು ಮೂಲೆಗೆ ಕಲ್ಲಿಟ್ಟೆ, ಸಾಲು ಸಾಲಾಗಿ ಇಟ್ಟೆ. ಹಿಂದಿನ ಮನೆಯ ಸರೋಜಮ್ಮ ಬಟ್ಟೆ ಹರವಲು ಬಂದವರು ಇಣುಕಿದರು.

"ಏನ್ ಜಯಮ್ಮ, ಸಂಡಿಗೆನಾ?"

ಇದು ಸಂಡಿಗೆಯಲ್ಲ, ನಮ್ಮ ಮೊಲ ಉಚ್ಚೆ ಹುಯ್ಯಲು ಮಾಡಿದ ಕಾಗದದ ಉಂಡೆ ಎಂದು ಒಂದು ಮಹಡಿಯಿಂದ ಇನ್ನೊಂದು ಮಹಡಿಗೆ ಕೂಗಿ ಹೇಳಬೇಕು. ಅತ್ತೆಯಾಗಿದ್ದರೆ ಹೇಳುತ್ತಿದ್ದರು. ನಾನು "ಹೂಂ" ಎಂದೆ.

ಸಾವಾಗಿ ತಿಂಗಳು ತುಂಬದ ಮನೆಯಲ್ಲಿ ಸೊಸೆ ಮಹಡಿ ತುಂಬ ಸಂಡಿಗೆ ಹಾಕಿದ್ದಾಳೆ! ಈ ಸುದ್ದಿ ಚಾಮರಾಜಪೇಟೆಯಿಂದ ವೈಯಾಲಿಕಾವಲ್ ಮುಟ್ಟಲು ಬಸ್ಸು, ಮೆಟ್ರೋ ಯಾವುದೂ ಬೇಕಾಗಲಿಲ್ಲ. ಶೋಕದ ಮನೆಯಲ್ಲಿ ಒಗ್ಗರಣೆಯ ಸದ್ದೂ ಜೋರಾಗಬಾರದು ಎನ್ನುವವರು ನಾವು. ಸಂಡಿಗೆ, ಹಪ್ಪಳ ಎಂದರೆ ಹಬ್ಬ, ಮದುವೆ, ಸಂಭ್ರಮ. ವರ್ಷವೆಲ್ಲ ಆ ಮಾತೇ ಇಲ್ಲ. ಮರುದಿನ ಮಧ್ಯಾಹ್ನ, ಹೇಳಿದ ದಿನಕ್ಕಿಂತ ಮುಂಚೆಯೇ, ಶಶಿ ಕೈಯಲ್ಲಿ ಖಾಲಿ ಬುಟ್ಟಿ ಹಿಡಿದು ಬಂದಿಳಿದಳು. ಚಪ್ಪಲಿ ಬಿಟ್ಟವಳು ನನ್ನನ್ನು ನೋಡಲಿಲ್ಲ. ಸೀದಾ ಮಹಡಿ ಹತ್ತಿದಳು. ನಾನು ಹಿಂದೆಯೇ ಓಡಿದೆ.

ಸೀರೆ ನೋಡಿ ಅವಳು ನಿಂತುಬಿಟ್ಟಳು.

"ಅಮ್ಮನ ಸೀರೆ," ಎಂದಳು.

"ಶಶಿ, ಅದು..."

"ಅಮ್ಮ ಹೋಗಿ ತಿಂಗ್ಳಾಗಿಲ್ಲ ಅತ್ತಿಗೆ. ಸರೋಜಮ್ಮ ಹೇಳ್ದಾಗ ನಂಬ್ಲಿಲ್ಲ ನಾನು. ನಮ್ಮತ್ತಿಗೆ ಹಾಗ್ ಮಾಡಲ್ಲ ಅಂದೆ. ಅಷ್ಟು ಅವಸರ ಏನಿತ್ತು? ಇನ್ನೇನು, ಹೋಳಿಗೇನೂ ಮಾಡ್ಬಿಡಿ! ಶಾಮಿಯಾನ ಹಾಕ್ಸಿ!" ಬೈಯುತ್ತ ಬೈಯುತ್ತ ಸೀರೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಅವಳ ಗಂಟಲು ಥೇಟು ಅತ್ತೆಯದೇ. ಇಷ್ಟು ದಿನವಾದ ಮೇಲೆ ಆ ಗಂಟಲು ಆ ಮಹಡಿಯ ಮೇಲೆ ಕೇಳಿ, ನಿಜ ಹೇಳುತ್ತೇನೆ, ಬೈಗುಳ ನಿಲ್ಲದಿರಲಿ ಎನಿಸಿತು. "ನೀವು ಮಾತಾಡಲ್ಲ. ಯಾವತ್ತೂ ಮಾತಾಡಲ್ಲ. ನಾವೇ ಅರ್ಥ ಮಾಡ್ಕೋಬೇಕು," ಎನ್ನುತ್ತ, ಮಾತಿನ ನಡುವೆಯೇ ಅವಳ ಕೈ ಹೋಗಿ ಅರೆಬರೆ ಒಣಗಿದ ಒಂದು ಉಂಡೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡಿತು.

ಅರ್ಧ ಒಣಗಿದ 'ಹಸಿ ಸಂಡಿಗೆ' ಕದ್ದು ತಿನ್ನದೆ ಬೆಳೆದವರು ಯಾರಿದ್ದಾರೆ ಹೇಳಿ. ಮೇಲೆ ಗರಿಗರಿ, ಒಳಗೆ ಮೆತ್ತಗೆ, ಉಪ್ಪುಪ್ಪು, ಹುಳಿಹುಳಿ. ಮದುವೆಯಾದ ಮೇಲೂ ಬೇಸಿಗೆಯಲ್ಲಿ ಬಂದರೆ ಶಶಿ ಮೊದಲು ಮಹಡಿಗೇ ಹೋಗುತ್ತಿದ್ದಳು. ಅತ್ತೆ ಕೆಳಗಿನಿಂದಲೇ "ಕೈ ಮುರೀತೀನಿ ಕಣೇ" ಎಂದು ಕೂಗುತ್ತಿದ್ದರು.

ಶಶಿ ಅಗಿದಳು. ನಿಲ್ಲಿಸಿದಳು. ಮತ್ತೆ ಅಗಿದಳು.

"ಉಪ್ಪು ಹಾಕಿಲ್ಲ ನೀವು," ಎಂದಳು.

"ಅದು ಕಾಗದ ಕಣೇ."

"ಏನು?"

"ಸೇಬಿನ ತಟ್ಟೆ. ನೆನೆಹಾಕಿ ಉಂಡೆ ಮಾಡಿದ್ದು. ಮೂಲಂಗಿ ಆಫೀಸಿಗೆ. ಹೊಟ್ಟು ಹಾಕಿದ್ದೆ, ಸೀನ್ತಿತ್ತು. ನೀನು ಫೋನ್ ಮಾಡ್ದಾಗ ಸೀನಿದ್ದು ಅದೇ, ಆಮೇಲೆ ಸೀನಿದ್ದು ನಾನು." ಒಂದೇ ಉಸಿರಿಗೆ ಅಷ್ಟು ಮಾತು ನಾನು ಜನ್ಮದಲ್ಲಿ ಆಡಿರಲಿಲ್ಲ.

ಶಶಿ ಬಾಯಲ್ಲಿದ್ದದ್ದನ್ನು ಅಂಗೈಗೆ ಉಗಿದು ನೋಡಿದಳು. ಸೀರೆ ನೋಡಿದಳು. ಭುಜ ಕುಲುಕಿತು. ಅಳುತ್ತಿದ್ದಾಳೆಂದುಕೊಂಡು ಹತ್ತಿರ ಹೋದರೆ ನಗುತ್ತಿದ್ದಳು. ಹತ್ತಿರ ಹೋದಮೇಲೆ ಅಳುತ್ತಿದ್ದಳು. ಆ ಕಡೆ ಮಹಡಿಯಲ್ಲಿ ಸರೋಜಮ್ಮ ಒಣಗಿದ ಬಟ್ಟೆಯನ್ನೇ ಮತ್ತೆ ಹರವುತ್ತಿದ್ದರು. ಶಶಿ ಕಣ್ಣೊರೆಸಿಕೊಂಡು ಅತ್ತೆಯ ಗಂಟಲಲ್ಲೇ ಕೂಗಿದಳು: "ಸರೋಜಮ್ಮಾ! ಇದು ಮೊಲದ ಕಕ್ಕಸಿಗೆ! ಒಂದ್ ಸೇರು ಕಳಿಸ್ಲಾ?"

ಕೆಳಗೆ ಬಂದೆವು. ಹಿಂದಿನ ದಿನವೇ ಒಣಗಿದ್ದ ಮೊದಲ ಕಂತಿನ ಉಂಡೆ ಆಗಲೇ ಟಬ್ಬಿನಲ್ಲಿತ್ತು, ಮೇಲೆ ಹಸು ಸಾಕಿರುವವರ ಹತ್ತಿರ ಕೇಳಿ ತಂದ ಒಣಹುಲ್ಲು. ಮೂಲಂಗಿ ಆಫೀಸಿನಲ್ಲೇ ಇತ್ತು, ಬಾಯಿಂದ ಒಂದು ಹುಲ್ಲಿನ ಎಳೆ ಒಳಗೆ ಹೋಗುತ್ತ ಹೋಗುತ್ತ ಗಿಡ್ಡವಾಗುತ್ತಿತ್ತು. ನಾವಿಬ್ಬರೂ ನೆಲದ ಮೇಲೆ ಕೂತು ಅದು ಸೀನುತ್ತದೇನೋ ಎಂದು ಕಾದೆವು. ಪರೀಕ್ಷೆಯ ಫಲಿತಾಂಶಕ್ಕೆ ಕೂಡ ನಾನು ಹಾಗೆ ಉಸಿರು ಹಿಡಿದಿರಲಿಲ್ಲ. ಸೀನು ಬಂತು, ಶಶಿಗೆ. ಹುಲ್ಲಿನ ಹತ್ತಿರ ಮುಖ ಇಟ್ಟಿದ್ದಳಲ್ಲ. ಮೂಲಂಗಿ ಅವಳನ್ನು ಒಮ್ಮೆ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

"ಚೆನ್ನಾಗಿದೆ," ಎಂದಳು ಶಶಿ. ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅದರ ಹಿಡಿಯನ್ನು ಒರೆಸಿದಳು. "ಇದನ್ನ ಬಿಟ್ಟು ಹೋದ್ರೆ ಅಮ್ಮಂದು ಅಂತ ನಂಗೇನೂ ಇಲ್ಲ ಅತ್ತಿಗೆ. ಕರ್ಕೊಂಡು ಹೋದ್ರೆ, ಈ ಮನೆಗೆ ಬರಕ್ಕೆ ನಂಗೆ ನೆಪಾನೇ ಇಲ್ಲ. ಅಮ್ಮ ಇಲ್ದಿದ್ಮೇಲೆ ತವರು ಅಂತ ಯಾರು ಕರೀತಾರೆ?"

ಇಂಥ ಹೊತ್ತಿನಲ್ಲಿ ಆಡಬೇಕಾದ ಮಾತು ಎಲ್ಲರಿಗೂ ಹೇಗೆ ಸಿಗುತ್ತದೋ, ನನಗೆ ಸಿಗುವುದಿಲ್ಲ. "ಮೇಲಿನ ಉಂಡೆ ಮಗುಚಿ ಹಾಕ್ಬೇಕು, ಬಿಸಿಲು ಇಳಿಯತ್ತೆ. ಬಾ," ಎಂದೆ. ಬಂದಳು. ಸೀರೆಯ ಆ ಬದಿಯಲ್ಲಿ ಅವಳು, ಈ ಬದಿಯಲ್ಲಿ ನಾನು, ಮಗುಚಿ ಹಾಕಿದೆವು. ಅತ್ತೆ ಏನು ಹಾಕುತ್ತಿದ್ದಿರಬಹುದು ಎಂದು ಮಾತಾಡಿಕೊಂಡೆವು. ತೆಂಗಿನ ನಾರು ಎಂದಳು ಅವಳು. ಒಣಗಿದ ಬಾಳೆಲೆ ಇರಬಹುದು ಎಂದೆ ನಾನು. ಇವತ್ತಿಗೂ ಗೊತ್ತಾಗಿಲ್ಲ.

ಸಂಜೆ ಹೊರಟಳು. ಬುಟ್ಟಿ ಖಾಲಿಯಾಗಿಯೇ ಕೈಯಲ್ಲಿತ್ತು. ಅವಳು ಹೊಸಿಲು ದಾಟುವ ಹೊತ್ತಿಗೆ ನನಗೆ ಹೊಳೆಯಿತು. ತವರಿಗೆ ಬಂದ ಹೆಣ್ಣುಮಗಳು ಬರಿಗೈಯಲ್ಲಿ ಹೋಗುತ್ತಿದ್ದಾಳೆ. ಈ ಮನೆಯಲ್ಲಿ ಅವಳಿಗೆ ಮಡಿಲಕ್ಕಿ ಹಾಕುತ್ತಿದ್ದವರು ಅತ್ತೆ. ನಾನು ಪಕ್ಕದಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದೆ, ಅಷ್ಟೆ. "ಇರು," ಎಂದು ಒಳಗೆ ಓಡಿದೆ. ಕುಂಕುಮ, ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಕಣ, ಅಕ್ಕಿಯ ಡಬ್ಬವನ್ನೇ ಎತ್ತಿಕೊಂಡು ಬಂದೆ. ಶಶಿ ಚೂಡಿದಾರದಲ್ಲಿದ್ದಳು, ಸೆರಗಿಲ್ಲ. ವೇಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.

"ಎಷ್ಟು ಹಿಡಿ ಹಾಕ್ಬೇಕು?" ಎಂದು ಕೇಳಿದೆ. ಇಷ್ಟು ವರ್ಷ ಪಕ್ಕದಲ್ಲಿ ನಿಂತೂ ನಾನು ಎಣಿಸಿರಲಿಲ್ಲ.

"ಅಮ್ಮ ಹಾಕ್ತಿದ್ದಷ್ಟು ಹಾಕಿ."

ಅತ್ತೆಯ ಕೈಯಂತೂ ಮಂಡಿಯ ಕೈ. ಬೊಗಸೆಯಲ್ಲಿ ತುಂಬಿ ತುಂಬಿ ಹಾಕುತ್ತಿದ್ದರು. ನಾನೂ ಬೊಗಸೆಯಲ್ಲೇ ಹಾಕಿದೆ. ಮತ್ತೊಂದು ಹಾಕಿದೆ. ವೇಲು ಜಗ್ಗಿತು, ಬೀದಿಯಲ್ಲಿ ಆಟೋದವನು ಹಾರ್ನ್ ಹೊಡೆದ, ನಾನು ಹಾಕುತ್ತಲೇ ಇದ್ದೆ. ಅಂಚಿನಿಂದ ಅಕ್ಕಿ ಉದುರಿ ಹೊಸಿಲ ಮೇಲೆಲ್ಲ ಚೆಲ್ಲತೊಡಗಿದಾಗ ಶಶಿ ಮೂಗು ಒರೆಸಲು ಕೈ ಬಿಡುವಿಲ್ಲದೆ, ತೋಳಿಗೆ ಮುಖ ಉಜ್ಜಿಕೊಂಡು ಹೇಳಿದಳು:

"ಸಾಕು ಅತ್ತಿಗೆ. ಮುಂದಿನ ವಾರಕ್ಕೂ ಸ್ವಲ್ಪ ಇಟ್ಕೊಳ್ಳಿ."